ಶಿರಗುಪ್ಪಿಯ ಇಲಿಗಳೂ ನನ್ನ ವಿಲಾಯತಿ ಯಾನವೂ

ಪ್ರಾಣಿಶಾಸ್ತ್ರದಲ್ಲಿ ಡಾಕ್ಟರೇಟ್ ಸಿಕ್ಕ ಮರುವರ್ಷ ನಾನು ಇಂಗ್ಲೆಂಡಿಗೆ ಹೋಗುವುದು ನಿಶ್ಚಯವಾಗಿತ್ತು. ನಿಶ್ಚಯ ಮಾಡಿದವನು ನಾನೇ. ಇಂಗ್ಲೆಂಡಿನವರಿಗೆ ಈ ಸಂಗತಿ ಇನ್ನೂ ತಿಳಿದಿರಲಿಲ್ಲ, ಅಷ್ಟೇ.

ಅದು ಅರವತ್ತರ ದಶಕದ ಮಾತು. ಧಾರವಾಡದ ಒಂದು ಕಾಲೇಜಿನಲ್ಲಿ ನನ್ನದು ತಾತ್ಕಾಲಿಕ ಅಧ್ಯಾಪಕನ ಕೆಲಸ. ಒಂದು ದಿನ ನಮ್ಮ ವಿಭಾಗದ ಮುಖ್ಯಸ್ಥರು ಕರೆದು ಒಂದು ಸುದ್ದಿ ಹೇಳಿದರು. ಕಾಡುಮೇಡಿನ ಪ್ರಾಣಿಗಳ ವಿಕಾಸವನ್ನು ಅಭ್ಯಾಸ ಮಾಡುವ ಒಬ್ಬ ಇಂಗ್ಲಿಷ್ ಪ್ರೊಫೆಸರರು ಡಾಕ್ಟರೇಟ್ ಆದವನೊಬ್ಬನನ್ನು ಎರಡು ವರ್ಷದ ಸಂಶೋಧನೆಗೆ ಕರೆದೊಯ್ಯಲಿದ್ದಾರೆ. ಮುಂಬಯಿ, ಪುಣೆ ನೋಡಿಕೊಂಡು ಧಾರವಾಡಕ್ಕೂ ಬರುತ್ತಾರೆ ಎಂದು.

ನನ್ನ ಪ್ರಬಂಧ ಹೊಲದ ಇಲಿಗಳ ಮೇಲೆ. ಎರೆಹೊಲದ ಇಲಿಯೂ ಕೆಮ್ಮಣ್ಣಿನ ಗುಡ್ಡದ ಇಲಿಯೂ ಒಂದಾನೊಂದು ಕಾಲಕ್ಕೆ ಒಂದೇ ಮನೆತನದವು, ಆಮೇಲೆ ಪಾಲಾಗಿ ಬೇರೆ ಬೇರೆ ಕುಲಗಳಾದವು ಎಂದು ನಾನು ಅವುಗಳ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಸಾಧಿಸಿದ್ದೆ. ಇಡೀ ಧಾರವಾಡದಲ್ಲಿ ಇಲಿಯ ಕುಲಗೋತ್ರ ವಿಚಾರಿಸಿದವನು ನಾನೊಬ್ಬನೇ. ನನ್ನನ್ನು ಬಿಟ್ಟು ಪ್ರೊಫೆಸರರು ಇನ್ನಾರನ್ನು ಆರಿಸಿಯಾರು?

ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಸುಶೀಲಾ ಕೇಳಿಸಿಕೊಂಡು ಒಲೆಯ ಕಡೆ ಹೋದಳು. ಆಗ ನಮ್ಮಲ್ಲಿಗೆ ಬಂದಿದ್ದ ಅತ್ತೆಗೆ ಮಾತ್ರ ಡಾಕ್ಟರ್ ಆದ ಮೇಲೂ ಮತ್ತೊಬ್ಬರ ಕೈಕೆಳಗೆ ಅಭ್ಯಾಸ ಮಾಡುವುದು ಏನೆಂದು ತಿಳಿಯಲಿಲ್ಲ. ನಾನು ವಿವರಿಸಿದೆ. ಅವರು "ಅಂದ್ರ ಲಗ್ನ ಆದಮ್ಯಾಲೆ ನಿಶ್ಚಯ ಮಾಡಿದಂಗ ಆತು" ಅಂದರು.

ಅಜ್ಞಾನಿಗಳೊಡನೆ ವಾದ ಬೇಡವೆಂದು ನಾನು ಹುಬ್ಬಳ್ಳಿಗೆ ಹೋಗಿ ಉಣ್ಣೆಯ ಕೋಟು ಹೊಲಿಯಲು ಹಾಕಿ ಬಂದೆ. ಮರುದಿನ ಮುಖ್ಯಸ್ಥರ ಮುಂದೆ ನಿಂತು, ಮುಂದಿನ ವರ್ಷಕ್ಕೆ ನನ್ನ ಹುದ್ದೆಯನ್ನು ಮುಂದುವರಿಸುವ ತೊಂದರೆ ತೆಗೆದುಕೊಳ್ಳಬೇಡಿರೆಂದೂ, ಅದನ್ನು ಯಾರಾದರೂ ಬಡವರಿಗೆ ಕೊಡಬಹುದೆಂದೂ ಉದಾರವಾಗಿ ತಿಳಿಸಿದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಪ್ರೊಫೆಸರ್ ಬಂದಾಗ ನಿಮ್ಮ ಮಟೀರಿಯಲ್ ನೋಡ್ತಾರಂತ. ತಯಾರ್ ಇಟ್ಕೋರಿ" ಅಂದರು.

ಮಟೀರಿಯಲ್! ಇಲಿಯ ಸಂಶೋಧಕನ ಮಟೀರಿಯಲ್ ಎಂದರೆ ಇಲಿಯಲ್ಲದೆ ಮತ್ತೇನು?

ಇಲ್ಲಿ ಒಂದು ಸಣ್ಣ ಅಡಚಣೆಯಿತ್ತು. ಇಲಿಗಳ ಮೇಲೆ ಪ್ರಬಂಧ ಬರೆದಿದ್ದೆನೇ ಹೊರತು ಒಂದು ಇಲಿಯನ್ನೂ ನಾನು ಹಿಡಿದವನಲ್ಲ. ಹಿಡಿದು ತರುವ ಮನುಷ್ಯ ಬೇರೆ ಇದ್ದ. ನನ್ನ ಕೈಗೆ ಬರುವ ಹೊತ್ತಿಗೆ ಇಲಿ ಓಡುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಆದರೆ ವಿಲಾಯತಿಯ ವಿಜ್ಞಾನಿಯೆದುರು ನಾನೇ ಹಿಡಿದೆ ಎಂದು ಹೇಳುವ ಗತ್ತೇ ಬೇರೆ. ಅಲ್ಲದೆ ಅವರ ಕಣ್ಣೆದುರೇ ಇಲಿಯಿಂದ ಹೊಸ ಸ್ಲೈಡು ತಯಾರಿಸಿ ತೋರಿಸಬೇಕೆಂದು ನಿರ್ಧರಿಸಿದೆ. ಆ ಕಾಲಕ್ಕೆ ಗಾಜಿನ ಸ್ಲೈಡುಗಳಿಗೆ ಬರ. ನನ್ನ ಪ್ರಬಂಧದ ಹಳೆಯ ಸ್ಲೈಡುಗಳು ಮಾತ್ರ ಕಪಾಟಿನ ತುಂಬ ಬಿದ್ದಿದ್ದವು. ಪದವಿ ಕೈಗೆ ಬಂದ ಮೇಲೆ ಅವು ಯಾರಿಗೆ ಬೇಕು? ಎಲ್ಲವನ್ನೂ ಆಸಿಡ್ಡಿನಲ್ಲಿ ನೆನೆಹಾಕಿ, ಉಜ್ಜಿ, ತೊಳೆದು, ಒರೆಸಿ ಇಟ್ಟೆ. ಫಳಫಳ ಹೊಳೆದವು. ಇಷ್ಟು ಸ್ವಚ್ಛವಾದ ಕೆಲಸವನ್ನು ನಾನು ಮೊದಲೆಂದೂ ಮಾಡಿರಲಿಲ್ಲ.

ಎರೆಹೊಲದ ಇಲಿಗಾಗಿ ಶಿರಗುಪ್ಪಿಗೆ ಹೋದೆ. ಅಲ್ಲಿ ಸುಶೀಲಾಳ ತಮ್ಮ ಫಕೀರಪ್ಪ ಒಕ್ಕಲುತನ ಮಾಡುತ್ತಿದ್ದ. ಇಲಿ ಬೇಕೆಂದು ಪ್ಯಾಟಿಯಿಂದ ಹುಡುಕಿಕೊಂಡು ಬಂದ ಮೊದಲ ನೆಂಟ ನಾನೇ ಇರಬೇಕು. ಅವನು ನನ್ನನ್ನು ಬದುವಿನ ಹತ್ತಿರ ಕರೆದೊಯ್ದು ಬಿಲ ತೋರಿಸಿದ. ಒಂದು ಬಾಯಿಯಿಂದ ಹೊಗೆ ಹಾಕಿದರೆ ಇನ್ನೊಂದು ಬಾಯಿಯಿಂದ ಇಲಿ ಹೊರಬೀಳುತ್ತದೆ ಎಂಬ ಸಿದ್ಧಾಂತವನ್ನು ನಾನು ಅವನಿಗೆ ಬೋಧಿಸಿದೆ. ಅವನು ವಿನಯದಿಂದ ಕೇಳಿಸಿಕೊಂಡು ಹೊಗೆ ಹಾಕಿದ. ಆ ಇನ್ನೊಂದು ಬಾಯಿ ಎಲ್ಲಿದೆ ಎಂದು ಹುಡುಕುತ್ತ ನಾನು ಕುಕ್ಕರುಗಾಲಲ್ಲಿ ಕೂತೆ. ಕೂತದ್ದು ಸರಿಯಾಗಿ ಅದರ ಮೇಲೆಯೇ.

ಹೊರಬಿದ್ದ ಇಲಿಗೆ ಎದುರಿಗೆ ಕಂಡ ಹೊಸ ಬಿಲವೆಂದರೆ ನನ್ನ ಪ್ಯಾಂಟಿನ ಕಾಲು. ಮುಂದಿನದನ್ನು ವೈಜ್ಞಾನಿಕ ಭಾಷೆಯಲ್ಲಿ ವರ್ಣಿಸಲು ಬರುವಂತಿಲ್ಲ. ಆಚೆ ಕೊನೆಯ ಕಡಲೆ ಹೊಲದ ತನಕ ನಾನು ಓಡಿದೆ ಎಂದರೆ ಸಾಕು. ನಾನು ಮರಳಿ ಬರುವುದರೊಳಗೆ ಫಕೀರಪ್ಪ ಐದಾರು ಇಲಿಗಳನ್ನು ಹಿಡಿದು, ತೂತು ಹೊಡೆದ ಡಬ್ಬಿಯಲ್ಲಿ ಹಾಕಿಟ್ಟಿದ್ದ. "ಮಾಮಾ, ನೀವು ಓಡಿದ್ದು ಛಲೋ ಆತ್ರಿ. ನಿಮ್ಮನ್ನ ನೋಡಿ ಎಲ್ಲಾ ಹೊರಗ ಬಂದ್ವು" ಎಂದು ಸಮಾಧಾನ ಹೇಳಿದ.

ಗುಡ್ಡದ ಇಲಿಗಳನ್ನು ಇಲಿ ಹಿಡಿಯುವ ನಮ್ಮ ಹಳೆಯ ಮನುಷ್ಯನಿಂದಲೇ ತರಿಸಿದೆ. ಸಂಶೋಧನೆಯಲ್ಲಿ ಒಮ್ಮೆ ಮಾಡಿದ ಪ್ರಯೋಗವನ್ನು ವೃಥಾ ಪುನರಾವರ್ತಿಸಬಾರದು.

ಎರಡು ಡಬ್ಬಿಗಳನ್ನೂ ಸುಶೀಲಾ ಅಡುಗೆಮನೆಯ ಕಡೆ ಬಿಟ್ಟುಕೊಳ್ಳಲಿಲ್ಲ. ನಮ್ಮದು ಬಾಡಿಗೆ ಮನೆ. ಮಾಲಕರು ಬಸವಂತಪ್ಪನವರು, ಕಚೇರಿ ಕೆಲಸದಿಂದ ನಿವೃತ್ತರಾದವರು, ಮುಂದಿನ ಭಾಗದಲ್ಲಿಯೇ ಇರುತ್ತಿದ್ದರು. ಇಬ್ಬರ ಮನೆಗಳ ನಡುವಿನ ಕೋಣೆಯಲ್ಲಿ ಅವರ ವರ್ಷದ ಜೋಳದ ಚೀಲಗಳಿದ್ದವು. ಆ ಕೋಣೆಯ ಹೊಸ್ತಿಲ ಬಳಿ ಡಬ್ಬಿಗಳನ್ನಿಟ್ಟೆ. ಸುಶೀಲಾ ಮುಚ್ಚಳಗಳ ಮೇಲೆ ಒಂದೊಂದು ಕಲ್ಲು ಹೇರಿದಳು. ಪ್ರೊಫೆಸರರು ಬರುವ ದಿನ ಬೆಳಿಗ್ಗೆ ನಾನು ಆ ಕಲ್ಲುಗಳನ್ನು ತೆಗೆದು, ಮುಚ್ಚಳಗಳನ್ನು ಕೊಂಚ ಸರಿಸಿ, ಇವು ಬಯಲಿನ ಪ್ರಾಣಿಗಳು, ಉಪ್ಪಿನಕಾಯಿಯಲ್ಲ, ಇವಕ್ಕೆ ಗಾಳಿ ಬೇಕು ಎಂದು ಅವಳಿಗೆ ತಿಳಿಹೇಳಿ ಸ್ನಾನಕ್ಕೆ ಹೋದೆ.

ಸ್ನಾನ ಮುಗಿಸಿ ಬರುವ ಹೊತ್ತಿಗೆ ಅವು ಗಾಳಿ ಸೇವನೆಗೆ ಹೋಗಿದ್ದವು. ಎರಡೂ ಡಬ್ಬಿ ಖಾಲಿ. ಜೋಳದ ಕೋಣೆಯೊಳಗಿಂದ ಪರಪರ ಸದ್ದು. ಯಾವ ಕಾಲದಲ್ಲೋ ಅಗಲಿದ್ದ ಎರಡು ಕುಲಗಳು ಬಸವಂತಪ್ಪನವರ ಜೋಳದ ಮೇಲೆ ಮತ್ತೆ ಪಂಕ್ತಿಗೆ ಕೂತಿದ್ದವು.

ನಾನು ಧೋತರವನ್ನು ಮೇಲೆ ಕಟ್ಟಿ ಚೀಲಗಳ ನಡುವೆ ತೂರಿದೆ. ಒಂದು ಚೀಲ ಜಗ್ಗಿದೆ, ಮೂರು ಉರುಳಿದವು. ಒಂದರ ಹೊಲಿಗೆ ಬಿಚ್ಚಿ ಜೋಳ ನೆಲದ ತುಂಬ ಹರಿಯಿತು. ಅದರ ಮೇಲೆ ಕಾಲಿಟ್ಟು ನಾನೂ ಹರಿದೆ. ಸದ್ದಿಗೆ ಬಸವಂತಪ್ಪನವರು ಬಂದರು. ಬಾಗಿಲಲ್ಲಿ ನಿಂತು, ನನ್ನನ್ನೂ ಜೋಳವನ್ನೂ ನೋಡಿ, ಏನು ಕಳೆದಿದೆ ಎಂದು ಕೇಳಿದರು. ಕಳೆದಿಲ್ಲ, ಇಲ್ಲಿಯೇ ಇವೆ ಎಂದೆ.

ಅತ್ತ ಕಾಲೇಜಿನಲ್ಲಿ ಪ್ರೊಫೆಸರರು ಕಾದು ಕೂತಿದ್ದರಂತೆ. ನಾನು ಬಾರದ್ದನ್ನು ಕಂಡು ಮುಖ್ಯಸ್ಥರು ಅವರನ್ನು ಟಾಂಗಾದಲ್ಲಿ ಕೂಡಿಸಿಕೊಂಡು ಮನೆಗೇ ಬಂದುಬಿಟ್ಟರು. ನನ್ನ ಜೀವನದ ಆ ಮಹತ್ವದ ಭೇಟಿಯಲ್ಲಿ ನಾನು ನೆಲದ ಮೇಲೆ ನಾಲ್ಕು ಕಾಲಲ್ಲಿ, ಇಲಿಯ ಮೇಲೆ ಕವುಚಲು ಕೈಯಲ್ಲಿ ತಾಮ್ರದ ತಂಬಿಗೆ ಹಿಡಿದು, ತಲೆಯ ತುಂಬ ಜೋಳದ ಹೊಟ್ಟು ಹೊತ್ತುಕೊಂಡಿದ್ದೆ. ಪ್ರೊಫೆಸರರು ಸಭ್ಯ ಮನುಷ್ಯರು. ಹ್ಯಾಟು ತೆಗೆದು ನಮಸ್ಕರಿಸಿದರು. ಆಮೇಲೆ ಮುಖ್ಯಸ್ಥರ ಕಡೆ ತಿರುಗಿ ಮೆಲ್ಲಗೆ ಏನೋ ಕೇಳಿದರು.

"ಸ್ಲೈಡ್ ಎಲ್ಲಿ ಅದಾವು ಅಂತ ಕೇಳಾಕತ್ತಾರ" ಎಂದರು ಮುಖ್ಯಸ್ಥರು.

"ಯಾವ ಸ್ಲೈಡ್ ಸರ್?"

"ನಿಮ್ಮ ಪ್ರಬಂಧದ್ದು. ಮಟೀರಿಯಲ್ ತಯಾರ್ ಇಡ್ರಿ ಅಂತ ಹೇಳಿದ್ನಲ್ಲ."

"ಅವನ್ನ ತೊಳದೇನಿ ಸರ್."

ಮುಖ್ಯಸ್ಥರು ಒಮ್ಮೆ ಕಣ್ಣು ಮುಚ್ಚಿ ತೆರೆದರು. "ಎಲ್ಲಾ?"

"ಬಾಳ ಸ್ವಚ್ಛ ತೊಳದೇನಿ" ಎಂದೆ. ಕೆಲಸದ ಅಚ್ಚುಕಟ್ಟುತನವಾದರೂ ಲೆಕ್ಕಕ್ಕೆ ಬರಲಿ ಎಂಬ ಆಸೆ.

ನಾನು ಏನೆಂದೆ ಎಂದು ಪ್ರೊಫೆಸರರು ವಿಚಾರಿಸಿದರು. ಮುಖ್ಯಸ್ಥರು ಬಹಳ ಯೋಚಿಸಿ, ಇವರ ಪ್ರಕೃತಿ ನೆಟ್ಟಗಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಷ್ಟರಲ್ಲಿ ಒಂದು ಇಲಿ ಚೀಲದ ಮೇಲೆ ಬಂದು ಕೂತು ಮೀಸೆ ತಿಕ್ಕಿಕೊಳ್ಳತೊಡಗಿತು. ಪ್ರೊಫೆಸರರು ಬಗ್ಗಿ ನೋಡಿ, ಇದು ಎರೆಹೊಲದ್ದೋ ಗುಡ್ಡದ್ದೋ ಎಂದು ಉತ್ಸಾಹದಿಂದ ಕೇಳಿದರು. ನಾನೂ ಬಗ್ಗಿ ನೋಡಿದೆ. ಸೂಕ್ಷ್ಮದರ್ಶಕವಿಲ್ಲದೆ ನನಗೆ ಎಲ್ಲ ಇಲಿಗಳೂ ಒಂದೇ ಎಂಬ ಸತ್ಯ ಆ ಕ್ಷಣದಲ್ಲಿ ಹೊಳೆಯಿತು. ಸುಶೀಲಾ ಚಹಾ ತಂದಳು. ಅವರು ಚಹಾ ಕುಡಿದು, ಚಹಾವನ್ನು ಬಹಳ ಹೊಗಳಿ, ಹೊರಟುಹೋದರು. ಬೇರೆ ಹೊಗಳಲು ಅಲ್ಲಿ ಏನೂ ಇರಲಿಲ್ಲ.

ಇಂಗ್ಲೆಂಡಿಗೆ ಪುಣೆಯ ಒಬ್ಬ ಹುಡುಗ ಹೋದ. ಅವನು ಜೀವಂತ ಇಲಿಯನ್ನು ಕಂಡರೆ ಹೆದರುವವನಂತೆ. ಆದರೆ ಸ್ಲೈಡು ತೊಳೆದಿರಲಿಲ್ಲ. ಕಾಲೇಜಿನ ನನ್ನ ಹುದ್ದೆಯನ್ನು ಮುಖ್ಯಸ್ಥರು ನನ್ನ ಮಾತಿಗೆ ಬೆಲೆ ಕೊಟ್ಟು ಬೇರೆಯವರಿಗೆ ಕೊಟ್ಟರು. ನನ್ನ ಮಾತಿಗೆ ಅವರು ಬೆಲೆ ಕೊಟ್ಟದ್ದು ಅದೊಂದೇ ಸಲ. ನಾನು ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಮಾಸ್ತರನಾಗಿ ಸೇರಿ ದಿನಾಲೂ ಬಸ್ಸಿನಲ್ಲಿ ಓಡಾಡತೊಡಗಿದೆ.

ಹುಬ್ಬಳ್ಳಿಯಲ್ಲೇ ಮನೆ ಮಾಡೋಣವೆಂದರೆ ಬಸವಂತಪ್ಪನವರು ಬಿಡಲಿಲ್ಲ. "ನಿಮ್ಮ ಇಲಿ ಅಷ್ಟೂ ಹಿಡದು ಕೊಟ್ಟು ಹೋಗ್ರಿ" ಎಂದರು. ನ್ಯಾಯವಾದ ಮಾತು. ಆದರೆ ಇಲಿಗಳು ಅಷ್ಟೇ ಇರಬೇಕಲ್ಲ! ನಾನೊಂದು ಹಿಡಿದರೆ ಅವು ಒಂದು ಬಾಣಂತನ ಮುಗಿಸಿರುತ್ತಿದ್ದವು. ಹೀಗೆ ಡಾಕ್ಟರೇಟಿನ ನಂತರದ ಎರಡು ವರ್ಷಗಳನ್ನು ನಾನು ಬಸವಂತಪ್ಪನವರ ಜೋಳದ ಕೋಣೆಯಲ್ಲಿ, ವೇತನವಿಲ್ಲದೆ, ಮಾಲಕರ ನೇರ ಮಾರ್ಗದರ್ಶನದಲ್ಲಿ ಪೂರೈಸಿದೆ.

ಒಂದು ಭಾನುವಾರ ಅವರಲ್ಲಿಗೆ ಗಬ್ಬೂರಿನಿಂದ ನೆಂಟರು ಬಂದಿದ್ದರು. ರಾತ್ರಿ ಕೊಬ್ಬರಿ ಸಿಕ್ಕಿಸಿ ಇಟ್ಟಿದ್ದ ಬೋನು ಹಿಡಿದು ನಾನು ಅಂಗಳ ದಾಟುತ್ತಿದ್ದೆ. ಇವರು ಯಾರು ಎಂದು ನೆಂಟರು ಕೇಳಿದರು.

"ನಮ್ಮ ಬಾಡಿಗಿಯವರು. ಇಲಿ ಒಳಗ ಡಾಕ್ಟರ್ ಆಗ್ಯಾರ" ಎಂದರು ಬಸವಂತಪ್ಪ. ನನ್ನ ಬೋನಿನ ಕಡೆ ನೋಡಿ ಹೇಳಿದರು: "ಬಿಡೂದು ಛಲೋ ಬರ್ತೈತ್ರಿ. ಹಿಡಿಯೂದಷ್ಟ ಇನ್ನೂ ಬರವಲ್ದು."

ನಾನು ಬೋನನ್ನು ಕೆಳಗಿಟ್ಟು ನೆಂಟರಿಗೆ ಕೈಮುಗಿದೆ. ಬೋನಿನಲ್ಲಿ ಇಲಿ ಇರಲಿಲ್ಲ. ಕೊಬ್ಬರಿಯೂ ಇರಲಿಲ್ಲ.