ಪಿಯಾನೋ ಮೇಲೊಂದು ಗುಮಾನಿ

ಸಂಶಯ ಕೆಟ್ಟ ಗುಣ ಎಂದು ಹೇಳುವವರ ಮೇಲೆಯೇ ನನಗೆ ಮೊದಲ ಸಂಶಯ. ಅವರು ಏನನ್ನೋ ಮುಚ್ಚಿಡುತ್ತಿರುತ್ತಾರೆ. ಹಾಲಿನವನು ನಕ್ಕರೆ ನಾನು ಪಾತ್ರೆಗೆ ಬೆರಳದ್ದಿ ನೋಡುತ್ತೇನೆ. ಮೇಲಧಿಕಾರಿ ನಕ್ಕರೆ ನನ್ನ ವರ್ಗಾವಣೆ ಯಾವ ಊರಿಗೆ ಎಂದು ವಿಚಾರಿಸಲು ಓಡುತ್ತೇನೆ. ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತನಾದವನಿಗೆ ಈ ಗುಣ ಇರಲೇಬೇಕು, ಇಲ್ಲವಾದರೆ ಊರಿನ ಅರ್ಧ ಬೆಲ್ಲವನ್ನು ಇಲಿಗಳೇ ತಿಂದವು ಎಂದು ನಂಬಬೇಕಾಗುತ್ತದೆ. ಆದರೆ ಒಮ್ಮೆ ಈ ಗುಣವೇ ನನ್ನನ್ನು ಒಂದು ಪಿಯಾನೋದ ಮುಂದೆ ಕೂಡಿಸಿ ಚೆನ್ನಾಗಿ ಆಟ ಆಡಿಸಿತು.

ವಾಡಿ ಜಂಕ್ಷನ್ನಿನಲ್ಲಿ ನೌಕರರ ಕ್ಲಬ್ಬೊಂದಿತ್ತು. ಅದರ ಮೂಲೆಯಲ್ಲಿ ಬ್ರಿಟಿಷರು ಬಿಟ್ಟುಹೋದ ಪಿಯಾನೋ. ನಾನು ನೌಕರಿಗೆ ಸೇರಿದ ಹೊಸತರಲ್ಲಿ ಪೀಟರ್ ಎಂಬ ಆಂಗ್ಲೋ-ಇಂಡಿಯನ್ ಗಾರ್ಡ್ ಸಾಹೇಬರು ಅದರ ಮೇಲೆ ನನಗೆ ಒಂದೇ ಒಂದು ತುಣುಕು ಕಲಿಸಿದ್ದರು. ಅದು ಅವರ ಹೆಂಡತಿ ಮೇರಿಬಾಯಿ ಹಿಂದೆ ಸಂಜೆ ಸಂಜೆ ಬಾರಿಸುತ್ತಿದ್ದ ತುಣುಕು, ನಾನು ಮಾತ್ರ ಅವರ ಕೈಯಲ್ಲಿ ಅದನ್ನು ಕೇಳಿದವನಲ್ಲ. ಬಲಗೈ ಇಳಿಯುವಾಗ ಎಡಗೈ ಹತ್ತಬೇಕು. ಜಗಳವಾಡಿದ ಗಂಡಹೆಂಡಿರಂತೆ ಎರಡೂ ಬೇರೆ ಬೇರೆ ದಾರಿ ಹಿಡಿದು, ಕೊನೆಗೆ ಹೇಗೋ ಕೂಡಿಕೊಳ್ಳಬೇಕು. ಅಂತೂ ಕಲಿತೆ. ಕಲಿತು ಮುಗಿಸುವಷ್ಟರಲ್ಲಿ ಸೇಡಂಗೆ ವರ್ಗವಾಯಿತು. ಅಲ್ಲಿ ಪಿಯಾನೋ ಎಲ್ಲಿಂದ ಬರಬೇಕು? ಸೋಮವಾರದ ಭಜನೆಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವನು ಬೇಕಾಗಿದ್ದ. ನಾನು ಪೇಟಿಯ ಮುಂದೆ ಕುಳಿತವನು ವರ್ಷಗಟ್ಟಲೆ ಏಳಲಿಲ್ಲ.

ಮತ್ತೆ ವಾಡಿಗೆ ಬಂದಾಗ ಕೂದಲು ಹಣ್ಣಾಗಿತ್ತು. ಆಗಲೇ ಒಬ್ಬ ಡ್ರೈವರ್ ಸುದ್ದಿ ತಂದ. ಮೇರಿಬಾಯಿ ತೀರಿಕೊಂಡಿದ್ದಾರೆ. ನಿವೃತ್ತರಾಗಿ ಬೇರೆ ಊರಿನಲ್ಲಿದ್ದ ಪೀಟರ್ ಸಾಹೇಬರು ಮದ್ರಾಸಿನಲ್ಲಿರುವ ತಂಗಿಯ ಮನೆಗೆ ಕಾಯಂ ಆಗಿ ಹೊರಟಿದ್ದಾರೆ. ಮುಂದಿನ ವಾರ ವಾಡಿಯಲ್ಲಿ ಗಾಡಿ ಬದಲಿಸುವಾಗ ಇಳಿಯುತ್ತಾರೆ. ಅವರು ಹೇಳಿ ಕಳಿಸಿದ ಮಾತನ್ನು ಡ್ರೈವರ್ ಹಾಗೆಯೇ ಒಪ್ಪಿಸಿದ: "ನನ್ನ ಕೈ ನಡಗ್ತಾವ, ಬಾರಸಾಕ ಆಗಂಗಿಲ್ಲ. ಮೇರಿದು ಅದೊಂದು ಕೇಳಿ ಹೋಗ್ಬೇಕಂತ ಆಸಿ ಅದ."

ಆ ತುಣುಕು ಕೈಯಲ್ಲಿದ್ದವನು ನಾನೊಬ್ಬನೇ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಯಿತು.

ಅಂದೇ ಸಂಜೆ ಕ್ಲಬ್ಬಿಗೆ ಹೋಗಿ ಕುಳಿತೆ. ಬಲಗೈಗೆ ಎಲ್ಲ ನೆನಪಿತ್ತು. ಆದರೆ ಕೈಗಳು ಬೇರೆ ದಾರಿ ಹಿಡಿಯುವ ಆ ಕಠಿಣ ಜಾಗ ಬಂದ ಕೂಡಲೇ ಪಿಯಾನೋದ ಎಡಭಾಗ ಬಾಯಿ ಮುಚ್ಚಿಕೊಂಡಿತು. ನಿಲ್ಲಿಸಿ ಎಡಗಡೆಯ ಕಪ್ಪು-ಬಿಳಿ ಮನೆಗಳನ್ನು ಒಂದೊಂದಾಗಿ ಒತ್ತಿದೆ. ಎಲ್ಲವೂ ಸಾಲಾಗಿ ಉಲಿದವು. ಮತ್ತೆ ಬಾರಿಸಿದರೆ ಅದೇ ಜಾಗದಲ್ಲಿ ಮೌನ. ಪರೀಕ್ಷೆ ಮಾಡುವಾಗ ಸುಭಗರಂತೆ ನಡೆದು, ನಂಬಿದಾಗ ಕೈಕೊಡುವ ಮಂದಿಯನ್ನು ನಾನು ಆಫೀಸಿನಲ್ಲಿ ಬಹಳ ನೋಡಿದ್ದೇನೆ. ಯಾರೋ ಒಳಗೆ ಕೈಯಾಡಿಸಿದ್ದಾರೆ ಎಂಬುದು ಖಾತ್ರಿಯಾಯಿತು.

ಮೊದಲ ಗುಮಾನಿ ಕ್ಲಬ್ಬು ನೋಡಿಕೊಳ್ಳುವ ಮೈಬೂಬನ ಮೇಲೆ. "ಇದರಾಗ ಏನರ ತಗದೀಯೇನು?" ಎಂದೆ.

"ತೋಬಾ ತೋಬಾ. ಫ್ಯಾಕ್ಟರಿ ಸಿಮಿಟಿನ ಧೂಳ ಬೀಳಬಾರ್ದಂತ ದಿನಾ ವರಸಿ, ಚಾದರ ಹೊದಿಸಿ ಇಡ್ತೀನ್ರಿ ಬಾಬುಜಿ. ಮನ್ಯಾಗ ನಮ್ಮ ಅತ್ತಿಗಿ ಸುದ್ದಾ ಇಷ್ಟು ಮಾಡಿಲ್ಲ ನಾ" ಎಂದ.

ಅತ್ತೆಯ ಮಾತು ಬಂದದ್ದು ನನ್ನ ಸಂಶಯವನ್ನು ಇನ್ನಷ್ಟು ಹೆಚ್ಚಿಸಿತು. ಕೇಳಿದ್ದಕ್ಕಿಂತ ಹೆಚ್ಚು ಹೇಳುವವನನ್ನು ನಂಬಬಾರದು. ಆಮೇಲೆ ಧೂಳನ್ನು ಸಂಶಯಿಸಿದೆ, ಇಲಿಯನ್ನು ಸಂಶಯಿಸಿದೆ. ಪಿಯಾನೋದ ಮೇಲೆ ಇಸ್ಪೀಟಾಡುವ ಪಾರ್ಸೆಲ್ ಆಫೀಸಿನವರನ್ನು ಬಹಳ ಹೊತ್ತು ಸಂಶಯಿಸಿದೆ.

ಇತ್ತ ಮನೆಯಲ್ಲಿ ನನ್ನ ಮೇಲೆಯೇ ಗುಮಾನಿ ಶುರುವಾಗಿತ್ತು. ನನ್ನ ಹೆಂಡತಿ ಶಾಂತವ್ವ ಚಿಂಚೋಳಿ ಕಡೆಯ ಕೊಡ್ಲಿ ಎಂಬ ಊರಿನವಳು. ಗಂಡ ದಿನಾ ಸಂಜೆ ಇಸ್ತ್ರಿ ಅಂಗಿ ತೊಟ್ಟು ಹೊರಟು, ಬೆರಳುಗಳನ್ನು ತೊಡೆಯ ಮೇಲೆ ಕುಣಿಸುತ್ತ, ಊಟದ ಮುಂದೆ ಮಂಕಾಗಿ ಕೂಡುತ್ತಾನೆಂದರೆ ಯಾರಾದರೂ ಏನು ತಿಳಿಯಬೇಕು? "ಕ್ಲಬ್ಬಿಗಿ ಹೊಂಟೀನಿ" ಎಂದರೆ, "ಹೋಗ್ರಿ, ನಾ ಎಲ್ಲಿ ಬ್ಯಾಡ ಅಂದೆ" ಎನ್ನುತ್ತಿದ್ದಳು. ಆ ಧ್ವನಿಯಲ್ಲಿ ಬ್ಯಾಡ ಎನ್ನುವುದೇ ಜಾಸ್ತಿ ಇತ್ತು.

ಒಂದು ಸಂಜೆ, ಮೋಡವೇ ಇಲ್ಲದ ದಿನ, ಕೊಡೆ ಕೊಡುವ ನೆವ ಮಾಡಿಕೊಂಡು ಕ್ಲಬ್ಬಿಗೆ ಬಂದೇಬಿಟ್ಟಳು. ನನಗೆ ಗೊತ್ತಾಗದಂತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಅವಳು ಹುಡುಕಿ ಬಂದ ಹೆಂಗಸು ಅಲ್ಲಿರಲಿಲ್ಲ. ಆದರೆ ಬೇರೇನೋ ಕಂಡಿತು.

"ಏನ್ರಿ, ಆ ಎಡಗೈಲಿಂದ ಯಾರಿಗಿ ಗಾಳಿ ಹಾಕಲಿಕತ್ತೀರಿ?"

ನೋಡಿಕೊಂಡೆ. ಕಣ್ಣನ್ನೆಲ್ಲ ಬಲಗೈ ಮೇಲೆ ನೆಟ್ಟು ಬಾರಿಸುತ್ತಿದ್ದೆ. ಕಠಿಣ ಜಾಗ ಬಂದಾಗ ನನ್ನ ಎಡಗೈ ಪಿಯಾನೋ ಬಿಟ್ಟು ಮೇಲೆದ್ದು, ಇಲ್ಲದ ಪೇಟಿಗೆ ಪಟಪಟನೆ ಗಾಳಿ ಹಾಕುತ್ತಿತ್ತು. ಇಷ್ಟು ವರ್ಷ ಸೇಡಂನಲ್ಲಿ ಅದಕ್ಕಿದ್ದ ಕೆಲಸ ಅದೊಂದೇ ತಾನೆ. ಮೈಬೂಬ ಮುಖ ತಿರುಗಿಸಿ ಚಾದರದಲ್ಲಿ ನಕ್ಕ. ಅವನ ಮುಂದೆ ನನಗೆ ನಾಚಿಕೆಯಾಯಿತು.

ಮರುದಿನದಿಂದ ಶಾಂತವ್ವ ನನ್ನ ಎಡಗಡೆಯೇ ಕುರ್ಚಿ ಹಾಕಿಕೊಂಡು ಕುಳಿತಳು. ಎಡಗೈ ಎದ್ದ ಕೂಡಲೇ ಕೆಮ್ಮುತ್ತಿದ್ದಳು. ಹೊಲಕ್ಕೆ ನುಗ್ಗಿದ ದನದಂತೆ ಅದು ಬೆದರಿ ವಾಪಸಾಗುತ್ತಿತ್ತು. ಪೂರ್ತಿ ಸುಧಾರಿಸುವ ಮೊದಲೇ ಪೀಟರ್ ಸಾಹೇಬರು ಬಂದಿಳಿದರು.

ಬಹಳ ಸಣ್ಣಗಾಗಿದ್ದರು. ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದರು. ನಾನು ಬಾರಿಸಿದೆ. ಕಠಿಣ ಜಾಗದಲ್ಲಿ ಕೈ ಎದ್ದಿತು, ಶಾಂತವ್ವ ಕೆಮ್ಮಿದಳು, ಕೈ ಇಳಿದು ಎಡವಿ, ಓಡಿ, ಹೇಗೋ ಬಲಗೈಯನ್ನು ಕೂಡಿಕೊಂಡಿತು. ಮುಗಿದಾಗ ಸಾಹೇಬರ ಕೆನ್ನೆ ಒದ್ದೆಯಾಗಿತ್ತು. ನನ್ನ ಎಡಗೈಯನ್ನೇ ಹಿಡಿದುಕೊಂಡರು.

"ಬರೋಬ್ಬರಿ" ಎಂದರು. "ನಮ್ಮ ಮೇರಿನೂ ಹಿಂಗೇ ಬಾರಸ್ತಿದ್ಲು."

ಅವರ ಗಾಡಿ ಹೋಯಿತು. ಮನೆಗೆ ಬರುವ ದಾರಿಯಲ್ಲಿ ನನ್ನ ರೋಗ ತಿರುಗಿ ಕೆರಳಿತು. ಹಿಂಗೇ ಎಂದರೆ ಹೇಗೆ? ನಾನು ಚೆನ್ನಾಗಿ ಬಾರಿಸಿದೆನೇ, ಅಥವಾ ಆ ತಾಯಿಯೂ ಅಲ್ಲೇ ಎಡವುತ್ತಿದ್ದಳೇ? ಸಾಹೇಬರಿಗೆ ಕಿವಿ ಕೇಳುತ್ತದೆಯೇ? ಬರೀ ಸಮಾಧಾನಕ್ಕೆ ಅಂದರೇ? ಕೇಳೋಣವೆಂದರೆ ಗಾಡಿ ಅಷ್ಟೊತ್ತಿಗೆ ರಾಯಚೂರಿನ ದಾರಿ ಹಿಡಿದಿತ್ತು. ಶಾಂತವ್ವನ ಮುಂದೆ ಇದೆಲ್ಲ ತೋಡಿಕೊಂಡೆ.

"ನಾ ಸತ್ತ ಮ್ಯಾಲ ಯಾರರ ಸೀದ ರೊಟ್ಟಿ ಹಾಕಿದ್ರ, ನೀವೂ ಹಂಗೇ ಅಂತೀರಿ" ಎಂದಳು.

ಆ ಸಂಜೆ ರೊಟ್ಟಿ ನಿಜವಾಗಿಯೂ ಸೀದಿತ್ತು. ನಾನು ಕರಿ ಅಂಚನ್ನೂ ಬಿಡದೆ ತಿಂದು, ಇನ್ನೊಂದು ಹಾಕು ಎಂದೆ. ಶಾಂತವ್ವ ಬುಟ್ಟಿಯಿಂದ ರೊಟ್ಟಿ ತೆಗೆದವಳು ಹಾಗೆಯೇ ಹಿಡಿದುಕೊಂಡು, ಬಹಳ ಹೊತ್ತು ನನ್ನನ್ನು ಸಂಶಯದಿಂದ ನೋಡಿದಳು.