ಭಾವನವರು ಬಿಚ್ಚಿದ ನನ್ನ ಕಾರು

ನಮ್ಮ ಭಾವನವರು ಕೆಟ್ಟುಹೋದ ವಸ್ತುವನ್ನು ಮುಟ್ಟುವುದಿಲ್ಲ. ಅದು ಅವರ ಘನತೆಗೆ ಕಡಿಮೆ. ಚೆನ್ನಾಗಿ ಓಡುತ್ತಿರುವುದನ್ನು ಕಂಡರೆ ಮಾತ್ರ ಅವರ ಕೈ ತುರಿಸುತ್ತದೆ. ನಮ್ಮ ಬಚ್ಚಲಿನ ನಲ್ಲಿ ಯುಗಾದಿಯಿಂದ ತೊಟ್ಟಿಕ್ಕುತ್ತಿದೆ. ದಿನಾ ಅದರ ಮುಂದೆಯೇ ಹಲ್ಲುಜ್ಜಿ ಹೊರಗೆ ಬರುವ ಭಾವನವರು, ಹಾಲ್‌ನಲ್ಲಿ ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ತಿರುಗುತ್ತಿದ್ದ ಫ್ಯಾನನ್ನು ಇಳಿಸಿ ಸುಧಾರಿಸಿದರು. ಈಗ ಅದರ ಗಾಳಿ ಮೇಲಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ನಮ್ಮ ಮನೆಯ ಸೀಲಿಂಗ್‌ನಷ್ಟು ಸುಖವಾಗಿರುವವರು ತುಮಕೂರಿನ ಇಡೀ ಶೆಟ್ಟಿಹಳ್ಳಿ ಬಡಾವಣೆಯಲ್ಲಿ ಇನ್ನೊಬ್ಬರಿಲ್ಲ!

ಭಾವನವರೆಂದರೆ ನನ್ನ ಯಜಮಾನರ ಅಣ್ಣ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ರಿಟೈರಾದವರು. ನನ್ನ ಓರಗಿತ್ತಿ ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ, ಮುಂದಿನ ರೂಮಿನಲ್ಲಿ ಇದ್ದಾರೆ. ಚಿತ್ರ ಬರೆಯಲು ಬಂದದ್ದನ್ನು ಬಿಚ್ಚಲೂ ಬರುತ್ತದೆ, ಬಿಚ್ಚಲು ಬಂದದ್ದನ್ನು ಜೋಡಿಸಲೂ ಬರುತ್ತದೆ ಎಂಬುದು ಅವರ ಸಿದ್ಧಾಂತ. ಇದರ ಮೊದಲ ಅರ್ಧವನ್ನು ಅವರು ಅನೇಕ ಸಲ ಸಾಬೀತು ಮಾಡಿದ್ದಾರೆ.

ಇನ್ನು ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಟ್ಟು ಬಂದರೆ ತುಟಿ ಮುಚ್ಚಿ, ಮೂಗಿನಲ್ಲಿ ನಿಧಾನವಾಗಿ ಉಸಿರೆಳೆದು, ನಗಬೇಕು ಎಂದು ಅಲ್ಲಿ ಸಿಸ್ಟರ್ ಕಲಿಸಿದ್ದರು. ಗಣಿತ ಮರೆತಿದೆ, ಇದು ಮರೆತಿಲ್ಲ. ಹಾಗಾಗಿ ಫ್ಯಾನಿನ ವಿಷಯದಲ್ಲಿ ನಾನು ಹೇಳಿದ್ದು ಒಂದೇ ಮಾತು: "ಪರವಾಗಿಲ್ಲ ಭಾವ." ಗಡಿಯಾರದ ವಿಷಯದಲ್ಲೂ ಅದೇ. ಹೊಲಿಗೆ ಮಿಷನ್ನಿನ ವಿಷಯದಲ್ಲೂ ಅದೇ. ಆದರೆ ಕಾರು? ಕಾರಿನ ವಿಷಯಕ್ಕೂ ಅದೇ ಮಾತು ಹೇಳಿದೆನಲ್ಲ, ಅದನ್ನು ನೆನೆದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ಅದು ನನ್ನ ಕಾರು. ಒಂದು ಕಾಲಕ್ಕೆ ಊರಿನ ಡಾಕ್ಟರು, ಲಾಯರುಗಳೆಲ್ಲ ಠೀವಿಯಿಂದ ಓಡಿಸುತ್ತಿದ್ದ, ಹಿಂದುಗಡೆ ಬಾಗಿಲು ಮೇಲಕ್ಕೆ ಎತ್ತಿಕೊಳ್ಳುವ ಪುಟ್ಟ ಬಿಳಿ ಕಾರು. ನನ್ನ ತಂದೆ ಓಡಿಸಿ, ನನಗೆ ಕೊಟ್ಟು ಹೋದದ್ದು. ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗತೊಡಗಿದ ಮೇಲೆ ನಾನು ಡ್ರೈವಿಂಗ್ ಕಲಿತದ್ದು ಅದರಲ್ಲೇ, ನನಗೆ ಓಡಿಸಲು ಬರುವುದೂ ಅದೊಂದೇ. ಪ್ರತಿ ಬುಧವಾರ ಬೆಳಿಗ್ಗೆ ನಾನೊಬ್ಬಳೇ ಅದರಲ್ಲಿ ಗುಬ್ಬಿಗೆ ಹೋಗುತ್ತೇನೆ. ನನ್ನ ಅಮ್ಮ ಅಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಅವಳ ತಲೆಗೆ ಎಣ್ಣೆ ತಟ್ಟಿ ಎರೆಯುವುದು ನನ್ನ ಕೆಲಸ. ತಮ್ಮನ ಹೆಂಡತಿ ಒಳ್ಳೆಯ ಹುಡುಗಿ, ಎರೆಯುತ್ತೇನೆಂದು ಗೋಗರೆಯುತ್ತಾಳೆ. ಅಮ್ಮ ಒಪ್ಪುವುದಿಲ್ಲ. ಹಾಗಾಗಿ ವಾರದಲ್ಲಿ ಆ ಒಂದು ದಿನ, ಆ ಒಂದು ದಾರಿ, ಪೂರ್ತಿ ನನ್ನದು. ಸಾರಿಗೆ ಉಪ್ಪು ಸಾಕೇ ಎಂದು ಯಾರೂ ಕೇಳದ ದಾರಿ ಅದೊಂದೇ!

ತೊಂದರೆ ಶುರುವಾದದ್ದು ದೇವರಾಯನದುರ್ಗದ ಬೆಟ್ಟದಲ್ಲಿ. ಕಡಬದಿಂದ ನನ್ನ ಸೋದರತ್ತೆ ಬಂದಿದ್ದರು. ಅವರನ್ನೂ ಪುಳಿಯೋಗರೆಯ ದೊಡ್ಡ ಡಬ್ಬಿಯನ್ನೂ ಹಿಂದೆ ಕೂರಿಸಿ, ಅವರ ಪಕ್ಕದಲ್ಲಿ ನನ್ನ ಯಜಮಾನರು, ಮುಂದಿನ ಸೀಟಿನಲ್ಲಿ ಭಾವನವರು, ನಾನು ಸ್ಟೀರಿಂಗ್ ಹಿಡಿದು ಹೊರಟೆವು. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಕಾರಿಗೆ ಏದುಸಿರು ಬಂತು. ಇದು ಹೊಸದೇನಲ್ಲ. ಎಲ್ಲರೂ ಇಳಿದು ತಿರುವಿನವರೆಗೆ ನಡೆದರೆ ಅದು ಹತ್ತುತ್ತದೆ, ನಾವು ಮತ್ತೆ ಹತ್ತುತ್ತೇವೆ. ಕಾರಿಗೂ ನನಗೂ ಇದರಲ್ಲಿ ಅವಮಾನವಿಲ್ಲ. ಆದರೆ ಸೋದರತ್ತೆ ಸೆರಗಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಾ, "ಕಾರು ನಮ್ಮನ್ನ ಹತ್ತುಸ್ತದೆ ಅಂತ ಬಂದ್ವಿ ಮೇಷ್ಟ್ರೇ, ನಾವೇ ಕಾರನ್ನ ಹತ್ತುಸ್ಕೊಂಡು ಬಂದಂಗಾಯ್ತು ಬುಡಿ" ಎಂದುಬಿಟ್ಟರು. ದೇವರ ಮುಂದೆ ಕಣ್ಣು ಮುಚ್ಚಿ ನಿಂತಾಗಲೂ ಭಾವನವರ ಹುಬ್ಬು ಗಂಟಿಕ್ಕಿಕೊಂಡೇ ಇತ್ತು.

ಆಮೇಲೆ ಕುಣಿಗಲ್ಲಿನಲ್ಲಿ ಒಂದು ಮದುವೆ. ಎಲೆ ಹಾಕಿ, ಕೋಸಂಬರಿ ಬಡಿಸಿ, ಪಲ್ಯಕ್ಕೆ ಬಂದಾಗ ನೋಡಿದರೆ ಭಾವನವರ ಎಲೆಯ ಮುಂದೆ ಭಾವನವರಿಲ್ಲ. ಊಟವೆಲ್ಲ ಮುಗಿದು ತಾಂಬೂಲ ಕೊಡುವ ಹೊತ್ತಿಗೆ ಎಲ್ಲಿಂದಲೋ ಬಂದರು. ಕಾಯಿ ಚೀಲಕ್ಕೆ ಚಾಚಿದ ಬೆರಳುಗಳ ಸಂದಿಯಲ್ಲಿ ಕರಿ ಜಿಡ್ಡು! ಕೇಳಿದರೆ, ಇಲ್ಲೇ ಹಿಂದೆ ಒಂದು ಗುಜರಿ ಅಂಗಡಿ ಇದೆ, ನೋಡುವಂತಿದೆ ಎಂದರು. ಬೇರೆಯವರು ಕುಣಿಗಲ್ಲಿಗೆ ಹೋದರೆ ಕುದುರೆ ಫಾರಂ ನೋಡಿ ಬರುತ್ತಾರೆ. ನಮ್ಮವರು ಒಡೆದ ಕಾರುಗಳ ಹೊಟ್ಟೆಯೊಳಗೆ ಇಣುಕಿ ಬಂದಿದ್ದರು. ನನಗೆ ಆಗಲೇ ಅರ್ಥವಾಗಬೇಕಿತ್ತು.

ಒಂದು ಗುರುವಾರ ಮಾರ್ಕೆಟ್ಟಿನಿಂದ ಬಂದು ಗೇಟು ತೆರೆದೆ. ಪೋರ್ಟಿಕೋದಲ್ಲಿ ನನ್ನ ಕಾರು ಬಾಯಿ ತೆರೆದು ನಿಂತಿತ್ತು. ಬಾನೆಟ್ಟು ಗೋಡೆಗೆ ಒರಗಿತ್ತು. ತಲೆತಲಾಂತರದಿಂದ ಬಂದ ಬೀಟೆ ಮರದ ಉಯ್ಯಾಲೆ ನೆಲದ ಮೇಲಿತ್ತು. ಸೂರಿನಲ್ಲಿದ್ದ ಉಯ್ಯಾಲೆಯ ಕೊಂಡಿಗಳಿಗೆ ದಪ್ಪ ಸರಪಳಿ ಕಟ್ಟಿ, ರಾಟೆ ಹಾಕಿ, ನನ್ನ ಕಾರಿನ ಇಂಜಿನ್ನನ್ನು ನೇತುಹಾಕಿದ್ದರು. ಗಾಳಿಗೆ ಅದು ಹಾಯಾಗಿ ತೂಗುತ್ತಿತ್ತು! ಕೆಳಗೆ, ನಾನು ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಚ್ಚಿ ಹೊಳಪು ತರುವ ರೆಡ್ ಆಕ್ಸೈಡ್ ನೆಲದ ಮೇಲೆ, ಇಂಜಿನ್ ಆಯಿಲಿನ ಕರಿ ಹನಿಗಳು. ಪೋರ್ಟಿಕೋದ ಬಿಳಿ ಗೋಡೆಯ ಮೇಲೆ ಇದ್ದಿಲಿನಲ್ಲಿ ಕಾರಿನ ಒಳಗಿನ ಚಿತ್ರ. ಒಂದೊಂದು ಪೈಪು, ಒಂದೊಂದು ಸಲಾಕೆ, ನೆರಳಿನ ಸಮೇತ. ಸತ್ಯ ಹೇಳಬೇಕೆಂದರೆ ಚಿತ್ರ ಬಹಳ ಚೆನ್ನಾಗಿತ್ತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಬೆಟ್ಟವನ್ನು ನಗುನಗುತ್ತಾ ಹತ್ತುವಂಥ ದೊಡ್ಡ ಇಂಜಿನ್ ಹಾಕುತ್ತೇನಮ್ಮ, ನಾಲ್ಕು ಸಿಲಿಂಡರಿನದು, ನಿನ್ನದರಲ್ಲಿ ಮೂರೇ ಇದ್ದವು ಎಂದರು ಭಾವನವರು. ನನ್ನಲ್ಲಿ ಏನೋ ಊನವಿದ್ದದ್ದನ್ನು ಇಷ್ಟು ವರ್ಷ ಹೊಟ್ಟೆಗೆ ಹಾಕಿಕೊಂಡಿದ್ದರು ಎನ್ನುವ ಹಾಗಿತ್ತು ಅವರ ದನಿ. ಬುಧವಾರದೊಳಗೆ ಆಗುತ್ತದೆಯೇ ಎಂದು ಕೇಳಿದೆ. ಆಗುತ್ತದಮ್ಮ ಎಂದರು, ಯಾವ ಬುಧವಾರ ಎಂದು ಮಾತ್ರ ಹೇಳಲಿಲ್ಲ. ನಾನು ಮೂಗಿನಲ್ಲಿ ಉಸಿರೆಳೆದೆ. "ಪರವಾಗಿಲ್ಲ ಭಾವ" ಎಂದೆ.

ಒಳಗೆ ಹೋಗಿ ಒಗ್ಗರಣೆ ಡಬ್ಬಿ ತೆರೆದರೆ ಸಾಸಿವೆಯ ಬಟ್ಟಲಿನಲ್ಲಿ ಸಣ್ಣ ನಟ್ಟುಗಳು, ಮೆಂತ್ಯದ ಬಟ್ಟಲಿನಲ್ಲಿ ವಾಷರುಗಳು, ಜೀರಿಗೆಯದರಲ್ಲಿ ಬೋಲ್ಟು. ಸಾಸಿವೆ, ಜೀರಿಗೆ, ಮೆಂತ್ಯವನ್ನೆಲ್ಲ ಪೇಪರಿನ ಒಂದೇ ಪೊಟ್ಟಣದಲ್ಲಿ ಬೆರೆಸಿ ಕಟ್ಟಿಟ್ಟಿದ್ದರು. ಪೇಪರ್ ಓದುತ್ತಿದ್ದ ಯಜಮಾನರ ಮುಂದೆ ಡಬ್ಬಿ ಹಿಡಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ಅಣ್ಣ ಅಲ್ವೇನೇ" ಎಂದರು. ಇವರ ಅಣ್ಣ ಚಂದ್ರನನ್ನು ಬಿಚ್ಚಿದರೂ ಇವರು ಹೇಳುವುದು ಇಷ್ಟೇ.

ದೊಡ್ಡ ಇಂಜಿನ್ ಕುಣಿಗಲ್ಲಿನಿಂದ ಬಂತು. ಗೂಡ್ಸ್ ಆಟೋದಲ್ಲಿ, ರಾಗಿ ಚೀಲ ಹೊದ್ದುಕೊಂಡು, ಎಳನೀರಿನ ಗೊನೆಗಳ ನಡುವೆ ಬಾಣಂತಿಯಂತೆ ಕೂತು ಬಂತು. ಭಾವನವರು ಅದಕ್ಕೆ ಸೀಮೆಎಣ್ಣೆಯಲ್ಲಿ ಸ್ನಾನ ಮಾಡಿಸಿದರು. ಉಜ್ಜಿದ್ದು ಹಲ್ಲುಜ್ಜುವ ಬ್ರಷ್ಷಿನಿಂದ. ಹಳೆಯ ಬ್ರಷ್ಷಲ್ಲ, ನನ್ನದು!

ಇಂಜಿನ್ ಒಳಗೆ ಕೂತಿತು, ನಿಜ. ಆದರೆ ಬಾನೆಟ್ಟು ಮುಚ್ಚಲಿಲ್ಲ. ದೊಡ್ಡ ಇಂಜಿನ್ನಿನ ತಲೆ ಮೇಲಕ್ಕೆ ಬಂದಿತ್ತು. ನಾನಾದರೆ ಅಲ್ಲಿಗೆ ತಪ್ಪೊಪ್ಪಿಕೊಳ್ಳುತ್ತಿದ್ದೆ. ಭಾವನವರು ಬಾನೆಟ್ಟಿಗೆ ದುಂಡಗೆ ತೂತು ಕೊರೆದರು. ಮಳೆ ನೀರು ಇಳಿಯದಂತೆ ಅದರ ಮೇಲೆ ಒಂದು ಮುಚ್ಚಳ ಕೂರಿಸಿ, ನಾಲ್ಕೂ ಕಡೆ ಬೋಲ್ಟು ಬಿಗಿದರು. ದೂರದಿಂದ ಎಲ್ಲೋ ನೋಡಿದ ಮುಚ್ಚಳ ಎನ್ನಿಸಿತು. ಹತ್ತಿರ ಹೋದರೆ ನನ್ನ ಇಡ್ಲಿ ಪಾತ್ರೆಯದು. ನನ್ನ ಮದುವೆಯಲ್ಲಿ ಕಡಬದ ಸೋದರತ್ತೆಯೇ ಕೊಟ್ಟದ್ದು. ಪಾತ್ರೆ ಅಂಗಡಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಹೆಸರು ಹೊಡೆಸಿಕೊಡುತ್ತಾರಲ್ಲ, ಹಾಗೆ ನನ್ನ ತವರಿನ ಇನಿಷಿಯಲ್ಲು, ನನ್ನ ಹೆಸರು, ಮುಂದೆ ಒಂದು 'ಚಿ. ಸೌ.' ಎಲ್ಲವೂ ಬಾನೆಟ್ಟಿನ ನೆತ್ತಿಯ ಮೇಲೆ ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ಕಾರಿನ ಮಾಲೀಕಳು ನೀನೇ ಎಂದು ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವೇನಮ್ಮ ಎಂದು ಭಾವನವರು ಕೇಳಿದರು. ಹಲ್ಲು ಕಚ್ಚಿ ನಕ್ಕೆ. ಆ ವಾರ ಮನೆಯಲ್ಲಿ ಇಡ್ಲಿ ಇರಲಿಲ್ಲ.

ಇಷ್ಟರ ನಡುವೆ ಬುಧವಾರಗಳು ಬರುತ್ತಲೇ ಇದ್ದವು. ನಾನು ಬಸ್ಸಿಗೆ ಹೋಗುತ್ತಿದ್ದೆ. ಮೊದಲ ಸಲವೇ ಅಮ್ಮ ಅಂಗಳದಲ್ಲಿ ನಿಂತು ನನ್ನ ಹಿಂದೆ ಮುಂದೆ ನೋಡಿ, "ಕಾರ ಮಾರ್ಬುಟ್ರೇನವ್ವ?" ಎಂದಳು. ಇಲ್ಲ, ರಿಪೇರಿ ಎಂದೆ. ಕೆಟ್ಟಿತ್ತಾ ಎಂದಳು. ಒಂದು ಬುಧವಾರ ಬಸ್ ಸಿಗದೆ ಗುಬ್ಬಿ ತಲುಪುವಾಗ ಮಧ್ಯಾಹ್ನ ದಾಟಿತ್ತು. ಅಮ್ಮ ಬೆಳಿಗ್ಗೆಯೇ ತಲೆಗೆ ತಾನೇ ಎಣ್ಣೆ ಸುರಿದುಕೊಂಡು ಹಿತ್ತಿಲ ಕಲ್ಲಿನ ಮೇಲೆ ಕೂತುಬಿಟ್ಟಿದ್ದಳು. ಸೊಸೆ ಕರೆದರೂ ಎದ್ದಿಲ್ಲ. ಹಂಡೆಯ ನೀರು ಆರಿ, ಎಣ್ಣೆ ಕಿವಿಯ ಹಿಂದಿನಿಂದ ಇಳಿದು ರವಿಕೆಯ ತೋಳು ನೆಂದಿತ್ತು. ನನ್ನನ್ನು ನೋಡಿ ಬರೀ ತಲೆ ಬಗ್ಗಿಸಿ ಕೊಟ್ಟಳು. ಅವತ್ತು ತುಮಕೂರಿಗೆ ವಾಪಸ್ಸು ಬರುವಾಗ ಬಸ್ಸಿನಲ್ಲಿ ಎಷ್ಟು ಉಸಿರೆಳೆದರೂ ನಗು ಬರಲಿಲ್ಲ.

ಕೊನೆಗೂ ಕಾರು ಸಿದ್ಧವೆಂದು ಭಾವನವರು ಘೋಷಿಸಿದರು. ಪೂಜೆಗೆ ಅರ್ಚಕರನ್ನು ಕರೆಸಿದರು. ಹೂವಿನ ಹಾರ, ಕುಂಕುಮ, ಇಡ್ಲಿ ಮುಚ್ಚಳಕ್ಕೂ ಮೂರು ಬೆರಳು ವಿಭೂತಿ. ನಾಲ್ಕು ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು. ನಿಂಬೆಹಣ್ಣಿನ ಮೇಲೆ ಹಾದು ಕಾರು ಮುಂದಕ್ಕೆ ಹೋಗಬೇಕು, ಗೇಟಿನ ಹತ್ತಿರ ಯಜಮಾನರು ತೆಂಗಿನಕಾಯಿ ಈಡುಗಾಯಿ ಹಾಕಬೇಕು. ಭಾವನವರು ಸೀಟಿನಲ್ಲಿ ಕೂತು ಕೀಲಿ ತಿರುವಿದರು. ಇಂಜಿನ್ ಒಂದೇ ಏಟಿಗೆ ಗುಡುಗಿತು. ಪಕ್ಕದ ಮನೆಯವರು ತಾರಸಿಗೆ ಬಂದರು. ಭಾವನವರು ಗಂಭೀರವಾಗಿ ಮೊದಲನೇ ಗೇರು ಹಾಕಿ, ಕ್ಲಚ್ ಬಿಟ್ಟರು.

ಕಾರು ಹಿಂದಕ್ಕೆ ಹಾರಿತು.

ನಿಂಬೆಹಣ್ಣುಗಳು ಇದ್ದಲ್ಲೇ ಉಳಿದವು. ಕಾರು ಹಿಂದಿದ್ದ ಬಟ್ಟೆ ಒಗೆಯುವ ಕಲ್ಲಿಗೆ ಬೆನ್ನು ಕೊಟ್ಟು ನಿಂತಿತು. ಹಿಂದಿನ ಬಾಗಿಲು ತಾನಾಗಿಯೇ ಮೇಲೆದ್ದಿತು. ಆಗಿದ್ದೇನೆಂದು ಆಮೇಲೆ ತಿಳಿಯಿತು. ಭಾವನವರು ಚಿತ್ರ ಬರೆದದ್ದು ಕಾರಿನ ಎದುರಿಗೆ ನಿಂತು; ಆ ಚಿತ್ರ ನೋಡಿಕೊಂಡು ಗೇರಿನ ಸಲಾಕೆ ಜೋಡಿಸಿದ್ದು ಸೀಟಿನಲ್ಲಿ ಕೂತು. ಎಡ ಬಲವಾಗಿ, ಹಿಂದು ಮುಂದಾಗಿ, ಮೊದಲನೇ ಗೇರಿನ ಜಾಗಕ್ಕೆ ರಿವರ್ಸ್ ಬಂದು ಕೂತಿತ್ತು. ಮೂವತ್ತು ವರ್ಷ ಮಕ್ಕಳಿಗೆ ಎದುರಿಗೆ ಕೂತು ನೋಡಿ ಬರೆಯಿರಿ ಎಂದು ಹೇಳಿಕೊಟ್ಟವರಿಗೆ ಬೇರೆ ರೀತಿ ಹೇಗೆ ತಾನೇ ಬರೆಯಲು ಬರುತ್ತದೆ?

ಆದರೆ ಆ ಕ್ಷಣಕ್ಕೆ ನನಗೆ ಇದೆಲ್ಲ ಬೇಕಿರಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಅಮ್ಮನ ಒದ್ದೆ ರವಿಕೆ. ಸಿಸ್ಟರ್ ಕಲಿಸಿದ ಉಸಿರು ಮೂಗಿನವರೆಗೂ ಬರಲಿಲ್ಲ. ಬಾಯಿಂದ ಹೊರಟದ್ದು ಗುಬ್ಬಿಯ ಭಾಷೆ.

"ಏನ್ ಮಾಡ್ಬುಟ್ರಿ ಭಾವ ನನ್ ಕಾರ್‌ನ? ನೆಟ್ಟಗಿದ್ದಿದ್ದನ್ನ ನೆಟ್ಟಗಿರಕ್ ಬುಡಕಾಗಲ್ವಾ ನಿಮ್ಗೆ? ನಾನ್ ಕೇಳಿದ್ನಾ ದೊಡ್ ಇಂಜಿನ್ನು? ಅಲ್ಲಿ ನಮ್ಮವ್ವ ಎಣ್ಣೆ ಹಚ್ಕಂಡು ಕಾಯ್ತಾ ಕೂತವ್ಳೆ, ಇಲ್ಲಿ ನೀವು ಗೋಡೆ ಮ್ಯಾಲೆ ಚಿತ್ರ ಬರ್ಕಂಡು ಕೂತಿದೀರ. ಇಳೀರಿ ಕೆಳಿಕ್ಕೆ. ಮೊದ್ಲು ಇಳೀರಿ ನನ್ ಕಾರಿಂದ."

ಅರ್ಚಕರು ಮಂತ್ರ ನಿಲ್ಲಿಸಿದರು. ಈಡುಗಾಯಿ ಎತ್ತಿ ಹಿಡಿದ ಯಜಮಾನರ ಕೈ ಮೇಲೆಯೇ ಉಳಿಯಿತು. ತಾರಸಿಯ ಮೇಲಿನವರು ಕೂಡ ಒಂದು ಹೆಜ್ಜೆ ಹಿಂದೆ ಸರಿದರು. ಭಾವನವರು ಇಳಿದರು. ಬಾಗಿಲು ಹಿಡಿದುಕೊಂಡು ನಿಂತು ನನ್ನನ್ನೇ ನೋಡಿದರು. ಬೇಜಾರಾಯಿತೇನೋ ಎಂದುಕೊಂಡೆ. ಅದು ಬೇಜಾರಲ್ಲ.

"ಇಷ್ಟ್ ದಿನ ಯಾಕಮ್ಮ ಪರವಾಗಿಲ್ಲ, ಪರವಾಗಿಲ್ಲ ಅಂತಿದ್ದೆ?" ಎಂದರು ಮೆಲ್ಲಗೆ. "ನಿನ್ ಓರಗಿತ್ತಿ ಇದ್ದಾಗ ನಾನು ಸ್ಕ್ರೂ ಡ್ರೈವರ್ ಎತ್ಕೊಂಡ್ರೆ ಸಾಕು, ಅಡುಗೆಮನೆಯಿಂದ್ಲೇ ಬೈತಿದ್ಲು. ಇಟ್ಬಿಡ್ತಿದ್ದೆ. ಈಗ ಈ ಮನೇಲಿ ಎಲ್ಲಾರೂ ನನ್ ಹತ್ರ ಮರ್ಯಾದೆಯಿಂದ ಮಾತಾಡ್ತೀರ. ಎಲ್ಲಿ ನಿಲ್ಲಿಸ್ಬೇಕು ಅಂತಾನೇ ಗೊತ್ತಾಗಲ್ಲ ಕಣಮ್ಮ."

ಹಳೆಯ ಇಂಜಿನ್ನನ್ನೇ ಮತ್ತೆ ಹಾಕಿಕೊಡುತ್ತೇನೆ ಎಂದೂ ಹೇಳಿದರು. ಇಂಥ ಮಾತು ಕೇಳಿದಾಗ ಏನು ಮಾಡಬೇಕೆಂದು ಕಾನ್ವೆಂಟಿನಲ್ಲಿ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಗದರುತ್ತಲೇ ಹೋದೆ. ಏನೂ ಬೇಡ, ಇದೇ ಇಂಜಿನ್ ಮುಂದಕ್ಕೆ ಹೋಗುವ ಹಾಗೆ ಮಾಡಿ, ಮಾಡಿದ ಮೇಲೆ ಮೊದಲನೇ ಬುಧವಾರ ನೀವೂ ನನ್ನ ಜೊತೆ ಗುಬ್ಬಿಗೆ ಬರಬೇಕು, ದಾರಿಯಲ್ಲಿ ಕಾರು ಎಲ್ಲಾದರೂ ನಿಂತರೆ ಬೈಯುವುದಕ್ಕೆ ನನಗೆ ಒಬ್ಬರು ಬೇಕು ಎಂದೆ.

ಗೇರು ಸರಿಹೋಯಿತು. ಆರ್‌ಟಿಒ ಆಫೀಸಿನಲ್ಲಿ ಹೊಸ ಇಂಜಿನ್ನಿನ ನಂಬರು ದಾಖಲಾಯಿತು. ತಪಾಸಣೆ ಮಾಡಿದ ಅಧಿಕಾರಿ ಆರ್‌ಸಿ ನೋಡಿ, ಬಾನೆಟ್ಟು ನೋಡಿ, ಮತ್ತೆ ಆರ್‌ಸಿ ನೋಡಿ, ಇನಿಷಿಯಲ್ ಬೇರೆ ಇದೆಯಲ್ಲ ಮೇಡಂ ಎಂದರು.

ಬುಧವಾರ ಹೊರಟೆವು. ತುಮಕೂರಿನ ಗುಬ್ಬಿ ಗೇಟು ದಾಟಿ ಹೆದ್ದಾರಿಗೆ ಬಿದ್ದ ಮೇಲೆ, ಇಷ್ಟು ವರ್ಷ ನನ್ನನ್ನು ರಸ್ತೆ ಬದಿಯ ಮಣ್ಣಿಗೆ ಇಳಿಸುತ್ತಿದ್ದ ಲಾರಿಗಳಲ್ಲಿ ಒಂದನ್ನು ಹಿಂದೆ ಹಾಕಿದೆ. ನನಗೆ ಖುಷಿಯಾಯಿತು, ಖುಷಿಯಾಯಿತಲ್ಲ ಎಂದು ಸಿಟ್ಟೂ ಬಂತು. ಭಾವನವರು ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದರು. ಏರು ಬಂದಾಗೊಮ್ಮೆ, ತಿರುವು ಬಂದಾಗೊಮ್ಮೆ, ಓರೆಗಣ್ಣಿನಲ್ಲಿ ನನ್ನ ಮುಖ ನೋಡುತ್ತಿದ್ದರು. ಕಾರು ಎಲ್ಲೂ ನಿಲ್ಲಲಿಲ್ಲ. ಒಂದು ಸಲ ಕೆಮ್ಮಲೂ ಇಲ್ಲ, ಬೈಯಲು ಕಾರಣವೇ ಸಿಗಲಿಲ್ಲ. ನೋಡುನೋಡುತ್ತಿದ್ದಂತೆ ಗುಬ್ಬಿ ಬಂದೇಬಿಟ್ಟಿತು. ಅಂಗಳದಲ್ಲಿ ಅಮ್ಮ ಸೆರಗು ಕೊಡವಿಕೊಂಡು ಎದ್ದಳು.

ಭಾವನವರ ಮುಖ ಯಾಕೋ ಸಪ್ಪಗಾಗಿತ್ತು. ಇಳಿದು, ಬಾಗಿಲು ಹಾಕಿ, ತಲೆ ತಗ್ಗಿಸಿ ನಡೆಯತೊಡಗಿದರು.

"ಭಾವ, ಬಾಗಿಲು ಹಂಗ್ಯಾಕೆ ಬಡಿತೀರ? ಮೆತ್ತಗೆ ಹಾಕಕ್ ಬರಲ್ವಾ?" ಎಂದು ಗದರಿದೆ.

ಅವರು ಓಡಿ ಬಂದು, ಬಾಗಿಲು ತೆರೆದು, ಮಲಗಿದ ಮಗುವಿನ ಕೋಣೆಯದೆನ್ನುವ ಹಾಗೆ ಮೆತ್ತಗೆ ಹಾಕಿದರು.