ಹಸಿರು ಅಕ್ಷರದ ಡಬ್ಬಿಯೂ ನನ್ನ ಗಟ್ಟಿ ಮೊಸರೂ

ಸುದ್ದಿ ಬಂದಾಗ ನಾನು ಅಡುಗೆಮನೆಯ ನೆಲದ ಮೇಲೆ ಕೂತು ಮಜ್ಜಿಗೆ ಕಡೆಯುತ್ತಿದ್ದೆ. ನಮ್ಮ ಮನೆಯವರು ಫೋನು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತು, "ಖಾದರ ತನ್ನ ಸೋಲ್ಡರಿಂಗ್ ಕಡ್ಡಿ ಯಾರಿಗರ ಕೊಟ್ಟು ಬಿಡ್ತಾನಂತ. ಕೈಯಾಗಿನ ಹದ ಹೋಗೇತಿ, ಇನ್ನ ರಿಪೇರಿ ಮಾಡಂಗಿಲ್ಲ ಅಂದ" ಎಂದರು. ನನ್ನ ಕಡಗೋಲು ನಿಂತಿತು. ಬೆಣ್ಣೆ ಬರುವ ಹೊತ್ತಿಗೆ ಕಡಗೋಲು ನಿಲ್ಲಿಸಬಾರದೆಂದು ನಮ್ಮತ್ತೆ ಹೇಳುತ್ತಿದ್ದರು. ಆದರೆ ಖಾದರಸಾಬರ ಕೈಯಲ್ಲಿ ಏನೂ ದೋಷವಿಲ್ಲ, ದೋಷವೆಲ್ಲ ನನ್ನ ಮೊಸರಿನದು ಎಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಗುಡ್ಡದ ಮೇಲಿನ ಅಜ್ಜ, ದಿನಾ ನಾನು ದೀಪ ಹಚ್ಚಿ ಕೈಮುಗಿಯುವ ದೇವರು. ಇನ್ನೊಬ್ಬಳು ನಾನು. ಅಜ್ಜ ಯಾರ ಮುಂದೆಯೂ ಬಾಯಿಬಿಡುವವನಲ್ಲ. ಅದೇ ಧೈರ್ಯದ ಮೇಲೆ ಇಪ್ಪತ್ತು ದಿನ ಕಳೆದಿದ್ದೆ.

ನಮ್ಮ ಮನೆಯವರು ಕಚೇರಿ ಗುಮಾಸ್ತಿಕೆಯಿಂದ ನಿವೃತ್ತರಾದ ಮೇಲೆ ಕೆಲವರಂತೆ ತೀರ್ಥಯಾತ್ರೆಗೆ ಹೋಗಲಿಲ್ಲ, ಗುಜರಿಗೆ ಹೋದರು. ಗಂಗಾವತಿಯ ಗುಜರಿಯಿಂದ ಟೇಪ್ ರೆಕಾರ್ಡರು ಬಂತು, ಹನುಮಸಾಗರದ ಯಾರದೋ ಅಟ್ಟದಿಂದ ಹೊಟ್ಟೆ ಬಿರಿದ ರೇಡಿಯೋ ಬಂತು. ಕೊನೆಗೆ ಯಲಬುರ್ಗಾದಲ್ಲಿ ಮುಚ್ಚಿಹೋದ ಟೈಪಿಂಗ್ ಕ್ಲಾಸಿನಿಂದ ಒಂದು ಹಳೆಯ ಕಂಪ್ಯೂಟರು ಆಟೋದಲ್ಲಿ, ಅವರ ತೊಡೆಯ ಮೇಲೆ ಕೂತು ಬಂತು. ಮದುವೆಯಾದ ಹೊಸದರಲ್ಲಿ ಬಸ್ಸಿನಲ್ಲಿ ನನಗೆ ಜಾಗ ಹಿಡಿಯದ ಮನುಷ್ಯ ಅದಕ್ಕೆ ಶಾಲು ಹೊದಿಸಿದ್ದರು. ಅದನ್ನು ಬದುಕಿಸಿದವರು ಭಾಗ್ಯನಗರದ ಖಾದರಸಾಬರು. ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ ಕೈ. ಇಬ್ಬರೂ ಸೇರಿ ತಿಂಗಳುಗಟ್ಟಲೆ ಅದರ ಹೊಟ್ಟೆಯಲ್ಲಿ ತಲೆ ಇಟ್ಟಿದ್ದರು. ಒಂದು ದಿನ ಕರಿಯ ಗಾಜಿನ ಮೇಲೆ ಹಸಿರು ಅಕ್ಷರ ಮೂಡಿದಾಗ ಖಾದರಸಾಬರು ನನ್ನನ್ನು ಕರೆದು, "ವೈನಿ, ಕೂಸು ಕಣ್ಣು ಬಿಡ್ತು ನೋಡ್ರಿ" ಎಂದಿದ್ದರು. ನಾನು ಸಕ್ಕರೆ ಹಂಚಿದ್ದೆ.

ಹಳೆಯ ಯಂತ್ರಗಳನ್ನು ದಿನಾ ನಡೆಸದಿದ್ದರೆ ಜಡ್ಡುಗಟ್ಟುತ್ತವಂತೆ. ಹಾಗಾಗಿ ಸಂಜೆ ಅದನ್ನು ಹಚ್ಚಿಟ್ಟು ನಮ್ಮ ಮನೆಯವರು ಕಟ್ಟೆಗೆ ಹರಟೆಗೆ ಹೋಗುವರು, ಊಟದ ಹೊತ್ತಿಗೆ ಬಂದು ಆರಿಸುವರು. ಒಂದು ದಿನ ಧೂಳು ಒರೆಸುವಾಗ ಮಾನಿಟರಿನ ನೆತ್ತಿ ಮುಟ್ಟಿದೆ. ಗಾಳಿಯಾಡಲು ಸೀಳು ಬಿಟ್ಟ ಆ ಜಾಗ ಬಾಣಂತಿಯ ಕೋಣೆಯಂತೆ ಬೆಚ್ಚಗಿತ್ತು. ಅದು ಚಳಿಗಾಲ. ನನ್ನ ಮೊಸರು ಹೆಪ್ಪಾಗದೆ ನೀರು ನೀರಾಗಿ, ಸೋಮವಾರದ ನೈವೇದ್ಯಕ್ಕೆ ಇಡಲೂ ನಾಚಿಕೆಯಾಗುತ್ತಿತ್ತು. ಇನ್ನೇನು ಹೇಳಲಿ. ಅವರು ಚಪ್ಪಲಿ ಮೆಟ್ಟಿ ಹೊರಟ ಮೇಲೆ ಹಾಲಿನ ಬಟ್ಟಲು ಅದರ ಮೇಲೆ, ಅವರು ಬರುವುದಕ್ಕೆ ಮುಂಚೆ ಮೊಸರಿನ ಬಟ್ಟಲು ಅಡುಗೆಮನೆಗೆ. ಚಮಚ ನೆಟ್ಟಗೆ ನಿಲ್ಲುವ ಮೊಸರು! ಓಣಿಯವರೆಲ್ಲ ನನ್ನ ಹತ್ತಿರ ಹೆಪ್ಪು ಕೇಳಿಕೊಂಡು ಬರತೊಡಗಿದರು. ನಾನು ಕಣ್ಣು ಮುಚ್ಚಿ, "ಎಲ್ಲಾ ಅಜ್ಜನ ದಯಾರಿ" ಎನ್ನುತ್ತಿದ್ದೆ. ದಿನಾ ರಾತ್ರಿ ಮಲಗುವ ಮುಂಚೆ ಆ ದಿನದ ಸಣ್ಣ ಸಣ್ಣ ಕೃಪೆಗಳನ್ನು ನೆನೆಯುವುದು ನನ್ನ ರೂಢಿ: ನಳ ಬಂತು, ಸಿಲಿಂಡರು ಸೋಮವಾರ ದಾಟಿತು, ಮೊಸರು ಗಟ್ಟಿಯಾಯಿತು. ಮಾನಿಟರಿನ ಪುಣ್ಯವನ್ನು ದೇವರ ಹೆಸರಿಗೆ ಬರೆದೆನಲ್ಲ, ಅದಕ್ಕೇ ಅವನು ಮುನಿದಿರಬೇಕು.

ಒಂದು ಸಂಜೆ ಪಕ್ಕದ ಮನೆಯಾಕೆ ಹಿತ್ತಲ ಬಾಗಿಲಲ್ಲಿ ಕೂಗಿದಳು, ಹೆಪ್ಪಿಗೇ. ಅವಸರದಲ್ಲಿ ಬಟ್ಟಲು ವಾಲಿತು. ಹೆಚ್ಚೇನಿಲ್ಲ, ಒಂದು ಸೌಟಿನಷ್ಟು ಸೀಳಿನೊಳಗೆ ಇಳಿಯಿತು. ಹಸಿರು ಅಕ್ಷರಗಳು ಎರಡು ಸಲ ಮಿಟುಕಿ, ಒಳಗೆ ಟಪ್ಪೆಂದು ಸದ್ದಾಗಿ ಕತ್ತಲಾಯಿತು. ಗುಂಡಿ ಆರಿಸಿ, ಮೇಲೆಲ್ಲ ಒರೆಸಿ, ದೇವರ ಮುಂದೆ ಇನ್ನೊಂದು ಬತ್ತಿ ಹಚ್ಚಿಟ್ಟು ಪಕ್ಕದ ಮನೆಯಾಕೆಗೆ ಹೆಪ್ಪು ಕೊಟ್ಟು ಕಳಿಸಿದೆ.

ಎಷ್ಟು ಸಲ ಗುಂಡಿ ಒತ್ತಿದರೂ ಅದು ಹತ್ತಲಿಲ್ಲವೆಂದು ಮೂರನೆಯ ದಿನ ಇಬ್ಬರೂ ಗೆಳೆಯರು ಕೂತು ಡಬ್ಬಿ ಬಿಚ್ಚಿದರು. ಖಾದರಸಾಬರು ಕೂಡಿಸಿದ ಬಿಡಿಭಾಗಗಳ ಮೇಲೆಯೇ ಬಿಳಿಯ ಹೊಪ್ಪಳೆ ಕಟ್ಟಿತ್ತು. ನಮ್ಮ ಮನೆಯವರು ಅದರ ಫೋಟೋ ತೆಗೆದು, ಹಳೆಯ ಯಂತ್ರ ಕೂಡಿಹಾಕುವವರ ವಾಟ್ಸಾಪ್ ಗುಂಪಿಗೆ ಕಳಿಸಿದರು. ನನ್ನ ಮೊಸರಿನ ಬಗ್ಗೆ ಊರೂರಿನ ವಿದ್ವಾಂಸರು ನಾಲ್ಕು ದಿನ ಚರ್ಚೆ ಮಾಡಿದರು. ಬಿಡಿಭಾಗ ಸೋರಿ ಒಳಗಿನ ರಸಾಯನ ಒಣಗಿದ್ದು ಎಂದರು. ವಾಸನೆ ಹೇಗಿದೆ ಎಂದು ಪುಣೆಯವರೊಬ್ಬರು ಕೇಳಿದರು. ಹುಳಿ ಎಂದು ಇವರು ಬರೆದರು. ಹಾಗಾದರೆ ಸಂಶಯವೇ ಇಲ್ಲ, ಕೂಡಿಸಿದವರ ಕೈತಪ್ಪು ಎಂದು ತೀರ್ಪಾಯಿತು. ಒಗ್ಗರಣೆ ಹಾಕುತ್ತ ಎಲ್ಲ ಕೇಳಿಸಿಕೊಂಡೆ. ನಗು ಬಂದದ್ದನ್ನೂ ಮುಚ್ಚಿಡುವುದಿಲ್ಲ.

ಆದರೆ ಇವರು ಆ ತೀರ್ಪನ್ನು ಖಾದರಸಾಬರಿಗೆ ಓದಿ ಹೇಳಿದ ದಿನ ನಗು ಹೋಯಿತು. ಅವರು ಜಗಳ ಆಡಿದ್ದರೆ ಛಲೋ ಇತ್ತು. ಕನ್ನಡಕ ತೆಗೆದು ಒರೆಸಿಕೊಂಡು, ಇರಬಹುದು, ವಯಸ್ಸಾಯಿತು ಎಂದಷ್ಟೇ ಹೇಳಿ ಚಹಾ ಕುಡಿಯದೆ ಎದ್ದುಹೋದರು. ಮತ್ತೆ ಬರಲಿಲ್ಲ. ದಿನಾ ರಾತ್ರಿ ಕೃಪೆ ನೆನೆಯಲು ಕೂತರೆ ನಳ, ಸಿಲಿಂಡರು ಯಾವುದೂ ನೆನಪಾಗದೆ ಆ ಆರಿದ ಚಹಾದ ಕಪ್ಪೇ ಕಣ್ಣ ಮುಂದೆ ಬರುತ್ತಿತ್ತು.

ಈಗ ಕಡ್ಡಿಯನ್ನೇ ಕೊಟ್ಟುಬಿಡುತ್ತಾರಂತೆ. ನಾನು ಕಡಗೋಲು ಬಿಟ್ಟು, ಗಡಿಗೆಯ ಕಡೆಗೇ ನೋಡುತ್ತ, "ಅದು ರಸಾಯನ ಅಲ್ಲರಿ, ಮೊಸರು" ಎಂದೆ.

ಅವರಿಗೆ ತಿಳಿಯಲಿಲ್ಲ. ಎಲ್ಲ ಹೇಳಿದೆ. ಅವರು ಗೋಡೆಗೆ ಒರಗಿದರು. ಬೈಯುತ್ತಾರೆಂದು ತಲೆ ತಗ್ಗಿಸಿ ಕಾದೆ. "ಪುಣೆದವರಿಗೆ ಏನಂತ ಬರೀಲಿ?" ಎಂದರು. ಚಪ್ಪಲಿ ಮೆಟ್ಟುತ್ತ, "ನಡಿ, ಭಾಗ್ಯನಗರಕ್ಕ. ನೀನ ಹೇಳಬೇಕು" ಎಂದರು.

ಖಾದರಸಾಬರು ಮನೆಯ ಮುಂದಿನ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು. ಕೆಲಸವಿಲ್ಲದ ಎರಡೂ ಕೈ ತೊಡೆಯ ಮೇಲಿದ್ದವು. ದಾರಿಯುದ್ದಕ್ಕೂ ನಾನು ಕಟ್ಟಿಕೊಂಡು ಬಂದಿದ್ದ ಮಾತು ಆ ಕೈ ನೋಡಿ ಮರೆತುಹೋಯಿತು. ಸೆರಗು ಹಿಡಿದುಕೊಂಡು, ಹಾಲು, ಬಟ್ಟಲು, ಸೀಳು ಎಂದು ಹಿಂದುಮುಂದಾಗಿ ಒದರಿದೆ. ತಪ್ಪಾಯಿತು ಎನ್ನುವುದನ್ನು ಮೂರು ಸಲ ಹೇಳಿದೆ. ಅವರ ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಖಾದರಸಾಬರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಬಲಗೈ ಎತ್ತಿ ಬೆಳಕಿಗೆ ಹಿಡಿದು, ಬೆರಳು ಮಡಚಿ ಬಿಡಿಸಿ ನೋಡಿಕೊಂಡರು. "ಅಂದ್ರ ವೈನಿ, ನನ್ನ ಕೈ ಛಲೋ ಅದಾವ?"

"ಛಲೋ ಅದಾವರಿ ಅಣ್ಣಾರ," ಎಂದೆ.

ಅವರ ಹೆಂಡತಿಯೇ ಮೊದಲು ನಕ್ಕಿದ್ದು. "ಹತ್ತು ಹನ್ನೆರಡು ದಿನದಿಂದ ಮಾರಿ ಜೋಲು ಹಾಕ್ಕೊಂಡು ಕುಂತಾರ. ಒಂದು ಸೌಟು ಮೊಸರಿಗೆ ಇಷ್ಟು ದುಃಖಾನ?" ಎಂದು ಹೇಳಿ, ಒಳಗೆ ಹೋಗುವಾಗ ತನಗೂ ಸ್ವಲ್ಪ ಹೆಪ್ಪು ಬೇಕು ಎಂದು ಸೇರಿಸಿದಳು. ಅದು ಕ್ಷಮೆಯೋ ಚುಚ್ಚುಮಾತೋ ನನಗೆ ಇವತ್ತಿಗೂ ತಿಳಿದಿಲ್ಲ. ಎರಡಕ್ಕೂ ನಾನು ಅರ್ಹಳು.

ಮರುದಿನವೇ ಖಾದರಸಾಬರು ಕಡ್ಡಿ ಹಿಡಿದುಕೊಂಡು ಬಂದರು. ಡಬ್ಬಿ ತೊಳೆದು, ಒಣಗಿಸಿ, ಎರಡು ಬಿಡಿಭಾಗ ಬದಲಿಸುವುದಕ್ಕೆ ಒಂದು ವಾರ ಹಿಡಿಯಿತು. ಆ ವಾರ ಪೂರ್ತಿ ನಾನು ಚಹಾದ ಕಪ್ಪು ಖಾಲಿಯಾಗುವ ತನಕ ಅಲ್ಲೇ ನಿಂತಿರುತ್ತಿದ್ದೆ. ಹಸಿರು ಅಕ್ಷರ ಮತ್ತೆ ಮೂಡಿತು. ನಮ್ಮ ಮನೆಯವರು ಗುಂಪಿಗೆ ನಿಜವನ್ನೇ ಬರೆದರು, ನನ್ನ ಹೆಸರು ಮಾತ್ರ ಬರೆಯಲಿಲ್ಲ. 'ಮನೆಯ ಹಾಲು ಪದಾರ್ಥ' ಎಂದು ಬರೆದರು. ಪುಣೆಯವರು ಮರುದಿನ, ಮೊಸರು ಹೆಪ್ಪಾಗಲು ಎಷ್ಟು ತಾಸು ಹಿಡಿಯುತ್ತಿತ್ತು ಎಂದು ಕೇಳಿದರಂತೆ.

ಈಗ ಮಾನಿಟರಿನ ನೆತ್ತಿಯ ಮೇಲೆ ನಮ್ಮ ಮನೆಯವರು ಅಜ್ಜನ ಫೋಟೋ ಇಟ್ಟಿದ್ದಾರೆ. ಅವರಿಗೆ ಭಕ್ತಿ ಅಷ್ಟಕ್ಕಷ್ಟೇ. ಅಲ್ಲಿ ಫೋಟೋ ಇದ್ದರೆ ನಾನು ಬಟ್ಟಲು ಇಡಲಾರೆ ಎಂಬುದು ಅವರಿಗೆ ಗೊತ್ತು. ಪಕ್ಕದ ಮನೆಯಾಕೆ ನಿನ್ನೆ ಬಂದು, ನಿಮ್ಮ ಮೊಸರು ಯಾಕೋ ಮೊದಲಿನಂತಿಲ್ಲ, ದೇವರಿಗೆ ಏನಾದರೂ ಹರಕೆ ತಪ್ಪಿತೇ ಎಂದು ಕೇಳಿದಳು. ತಪ್ಪಿದ್ದು ಹೌದು ಎಂದೆ. ಇನ್ನೂ ಏನೋ ಕೇಳುವವಳಿದ್ದಳು. ಹಾಲು ಉಗುರುಬೆಚ್ಚಗೆ ಆರುತ್ತಾ ಬಂದಿತ್ತು. ನಾನು ಒಳಗೆ ಹೋಗಿ ಒಂದು ಚಮಚ ಹೆಪ್ಪು ಹಾಕಿ, ಬಟ್ಟಲಿಗೆ ಹಳೆಯ ಶಾಲು ಸುತ್ತಿ ಜೋಳದ ಹಿಟ್ಟಿನ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದೆ.